ಮುಖಪುಟಕ್ಕ ಒಂದು ವಿಳಾಸ ಇತ್ತು

ಹ್ವಾದ ತಿಂಗಳ ಆಳಂದಕ್ಕ ತವರಮನಿಗಿ ಹೋದಾಗ ಅವ್ವ ನನ್ನ ಕೈಯಾಗ ಕಸಬರಗಿ ಕೊಟ್ಟು, ಅಟ್ಟದ ಮ್ಯಾಲಿನ ಟ್ರಂಕಿನ ಕಡಿ ಬೊಟ್ಟು ಮಾಡಿದ್ಳು. "ನಿಮ್ಮಪ್ಪನ ರದ್ದಿ ಅದ ಅದರಾಗ. ಇಲಿ ಮರಿ ಹಾಕೋದಕ್ಕ ಮೊದಲ ಏನರ ಒಂದು ಗತಿ ಕಾಣಿಸು" ಅಂದ್ಳು. ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ಟ್ರಂಕಿನ ಕೀಲಿ ಎಲ್ಲಿ ಅದ ಅಂತ ಯಾರಿಗೂ ಗೊತ್ತಿದ್ದಿಲ್ಲ, ಕಡೀಕ ಕಲ್ಲಿಲೆ ಹೊಡೆದು ತೆಗೆದೆ.

ಒಳಗ ಸುತಳಿಲೆ ಬಿಗಿದ ಏಳು ಕಟ್ಟು ಇದ್ದವು. ಹೆಚ್ಚಿಂದೆಲ್ಲ ಲಂಕೇಶ್ ಪತ್ರಿಕೆ. ನಡುನಡುಕ ಸುಧಾ, ತರಂಗ, ಒಂದಿಷ್ಟು ದೀಪಾವಳಿ ವಿಶೇಷಾಂಕ. ರದ್ದಿಯಂವಗ ಮಧ್ಯಾಹ್ನ ಬಾ ಅಂತ ಹೇಳಿ ಕಳಿಸಿದೆ. ಕಟ್ಟು ಬಿಚ್ಚಿ ಒಂದೊಂದೇ ಮುಖಪುಟ ನೋಡ್ತಾ ಕುಂತೆ. ಅಂವ ಬಂದು ಎರಡು ಸಲ ಹೊಳ್ಳಿ ಹೋದ, ನಾನು ಎದ್ದಿದ್ದಿಲ್ಲ. ಅವ್ವ ರೊಟ್ಟಿ ಬುಟ್ಟಿ ತಂದು ಮುಂದಿಟ್ಟು, "ಅಪ್ಪನ ಮಗಳು ಖರೇ" ಅಂತ ಬೈದು ಹೋದ್ಳು.

ಆ ದಿನ ಅಟ್ಟದ ಬುಡಕ ಕುಂತು ನನಗ ಬಂದ ವಿಚಾರ ಇಲ್ಲಿ ಬರೀಲಾಕತ್ತೀನಿ. ವಾರಪತ್ರಿಕೆ ಮುಖಪುಟ ನಮ್ಮಂಥ ಮನಿಗಳಿಗಿ ಏನು ಕೊಡ್ತು ಅಂತ ಕೇಳಿದ್ರ ಮಂದಿ ಧೈರ್ಯ ಅಂತಾರ, ರಾಜಕೀಯ ತಿಳುವಳಿಕಿ ಅಂತಾರ, ಸಾಹಿತ್ಯ ಅಂತಾರ. ಅವೆಲ್ಲ ಖರೇನೇ. ಆದ್ರ ನನಗ ಕಾಣೋದು ಇನ್ನೊಂದು. ಅದು ನಮಗ ಒಂದು ಪ್ರಶ್ನಿ ಕೇಳೋದು ಕಲಿಸಿತ್ತು. ಆ ಪ್ರಶ್ನಿ ನಾವು ಮರ್ತೀವಿ. ಮರ್ತಿದ್ದಕ್ಕ ಏನಾಯ್ತು ಅನ್ನೋದು ನಮ್ಮ ಓಣಿಯಾಗೇ ನಡೆದದ.

ಮೊದಲು ನಮ್ಮ ಆಯಿ ಬಗ್ಗಿ ಹೇಳಬೇಕು. ಅಪ್ಪನ ಅವ್ವ. ಅಕಿಗಿ ಒಂದು ಅಕ್ಷರ ಬರ್ತಿದ್ದಿಲ್ಲ. ಆದ್ರ ಮನಿಗಿ ಬಂದ ಪತ್ರಿಕಿ ಮುಖಪುಟ ಮೊದಲು ಅಕಿ ನೋಡಬೇಕು. ವಾರ ಎರಡು ವಾರ ಕಳೆದು ಪತ್ರಿಕಿ ಹಳೇದಾದ ಮ್ಯಾಲ ಅಕಿ ಮೂರು ಪಾಲು ಮಾಡ್ತಿದ್ಳು. ದೇವರ ಚಿತ್ರ ಇದ್ದ ವಿಶೇಷಾಂಕ ಜಗಲಿ ಬಾಜೂಕ. ಸಿನಿಮಾ ನಟಿಯರ ಬಣ್ಣದ ಮುಖಪುಟ ನಮ್ಮ ಸಾಲಿ ಪುಸ್ತಕಕ್ಕ ಹೊದಿಕಿ ಹಾಕಾಕ. ಮಂತ್ರಿಗೋಳ ಮುಖ ಇದ್ದದ್ದು ಮಾತ್ರ ಮಾಡದಾಗ ಹಾಸಿ, ಮ್ಯಾಲ ಎಣ್ಣಿ ಡಬ್ಬಿ ಇಡ್ತಿದ್ಳು. "ಇವರಿಗಿ ಎಣ್ಣಿ ತಾಕಿದ್ರ ಏನಾಗಂಗಿಲ್ಲ, ಮೊದಲೇ ಜಿಡ್ಡು" ಅಂತಿದ್ಳು. ನಾವೆಲ್ಲ ನಗ್ತಿದ್ದೆವು. ಈಗ ವಿಚಾರ ಮಾಡಿದ್ರ ಅದು ಸಣ್ಣ ಮಾತಲ್ಲ ಅನಿಸ್ತದ. ಅಕಿ ಹುಟ್ಟಿದ ಕಾಲಕ್ಕ ಇಲ್ಲಿ ನಿಜಾಮನ ರಾಜ್ಯ. ದೇಶಮುಖರ ವಾಡೇದ ಮುಂದ ಚಪ್ಪಲಿ ಕಳೆದು ಕೈಯಾಗ ಹಿಡ್ಕೊಂಡು ಹೋಗೋದು ನೋಡಿದ ಹೆಣ್ಣುಮಗಳು. ಅಂಥಾಕಿ ಮಂತ್ರಿ ಮುಖದ ಮ್ಯಾಲ ಎಣ್ಣಿ ಡಬ್ಬಿ ಇಡೋದು ಕಲಿತಿದ್ದು ಯಾವ ಸಾಲ್ಯಾಗ? ಆ ಮುಖಪುಟದಾಗೇ. ದೊಡ್ಡವರನ್ನ ದಿಟ್ಟಿಸಿ ನೋಡಬಹುದು, ನೋಡಿ ನಗಬಹುದು ಅನ್ನೋದು ಅಕಿಗಿ ಓದಿ ಗೊತ್ತಾಗಿದ್ದಲ್ಲ, ಕಂಡು ಗೊತ್ತಾಗಿದ್ದು.

ಆ ಕಾಲದಾಗ ಪತ್ರಿಕಿ ಎಷ್ಟು ಪ್ರತಿ ಮಾರ್ತಾವ ಅಂತ ಎಣಿಸಿದ್ರ ಅದರ ಹರವು ತಿಳಿಯಂಗಿಲ್ಲ. ಕಲಬುರಗಿಯಿಂದ ಬಸ್ಸಿನ ಮ್ಯಾಲ ಕಟ್ಟು ಬರ್ತಿತ್ತು. ಆಳಂದ ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಯಂವ ಹಗ್ಗ ಕಟ್ಟಿ, ಬಟ್ಟಿ ಒಣಾಕಿದಂಗ ಮುಖಪುಟ ಹೊರಗ ಮಾಡಿ ನೇತು ಹಾಕ್ತಿದ್ದ. ರೊಕ್ಕ ಕೊಟ್ಟು ಒಯ್ಯೋರು ಹತ್ತು ಮಂದಿ ಆದ್ರ ನಿಂತು ನೋಡೋರು ನೂರು ಮಂದಿ. ನಮ್ಮ ಅಪ್ಪ ತಂದ ಒಂದು ಪ್ರತಿ ಐದು ಮನಿ ತಿರುಗಿ ಬರ್ತಿತ್ತು. ಅಲ್ಲಿಗೂ ಅದರ ಆಯುಷ್ಯ ಮುಗೀತಿದ್ದಿಲ್ಲ. ಮಿರ್ಚಿ ಭಜಿ ಕಟ್ಟಿದ ಹಾಳಿ ಬಿಚ್ಚಿ, ಎಣ್ಣಿ ಹಿಡಿದ ಸುದ್ದಿ ಓದಿ, ಕೆಳಗಿನ ಅರ್ಧ ಎಲ್ಲಿ ಹೋಯ್ತು ಅಂತ ಹುಡುಕಿದ್ದು ನಿಮಗೂ ನೆನಪಿರಬೇಕು.

ಇನ್ನ ಆ ಪ್ರಶ್ನಿ. ಹೊಸ ಸಂಚಿಕಿ ಬಂದ ದಿನ ಅಪ್ಪ ಪಡಸಾಲ್ಯಾಗ ಕುಂತು ಮುಖಪುಟದ ಸುದ್ದಿ ಜೋರಾಗಿ ಓದ್ತಿದ್ದ. ಆಯಿ ಜ್ವಾಳ ಹಸನ ಮಾಡ್ತಾ ಪೂರಾ ಕೇಳ್ತಿದ್ಳು. ಓದಿ ಮುಗಿದ ಕೂಡ್ಲೇ ಮರ ಕೆಳಗಿಟ್ಟು ಕೇಳೋದು ಒಂದೇ ಮಾತು: "ಇದು ಯಾರು ಬರದಾರ? ಯಾವ ಊರಾಗ ಇರ್ತಾರ?"

ಅಪ್ಪ ಮೊದಮೊದಲ ಸಿಟ್ಟಾಗ್ತಿದ್ದ. "ಅದು ತಗೊಂಡು ನಿನಗೇನು ಆಗಬೇಕ ಯವ್ವಾ?" ಅಂತಿದ್ದ. ಅಕಿ ಬಿಡ್ತಿದ್ದಿಲ್ಲ. "ವಾರಸ ಇಲ್ಲದ ಎತ್ತು ಯಾರ ಹೊಲ ಬೇಕಾದ್ರೂ ಮೇಯ್ತದ. ಮಾತಿಗಿ ಬಿ ವಾರಸ ಬೇಕು" ಅಂತಿದ್ಳು. ಹಂಗಾಗಿ ಅಪ್ಪ ಕಡೀ ಪುಟದ ತೆಳಗ ಇರ್ತಿದ್ದ ಸಣ್ಣ ಅಕ್ಷರದ ಸಾಲು ಹುಡುಕಿ ಓದಿ ಹೇಳಬೇಕಾಗ್ತಿತ್ತು. ಸಂಪಾದಕರು ಇಂಥವರು, ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಇಂಥ ರಸ್ತಾ, ಇಂಥ ಊರು. ಅದನ್ನ ಕೇಳಿದ ಮ್ಯಾಲೇ ಅಕಿ ಮತ್ತ ಮರ ಎತ್ತೋದು. ಸುದ್ದಿ ಖರೇನೋ ಸುಳ್ಳೋ ಅನ್ನೋದು ಅಕಿಗಿ ಆಮ್ಯಾಲಿನ ಮಾತು. ಮೊದಲು ಅದಕ್ಕ ಒಂದು ಮನಿ ಇರಬೇಕು.

ಆ ಸಣ್ಣ ಸಾಲು ಪತ್ರಿಕೆಯವರು ಶೋಕಿಗಿ ಹಾಕಿದ್ದಲ್ಲ. 1867ರಾಗ ಬ್ರಿಟಿಷರು ಮಾಡಿದ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯದೆ ಪ್ರಕಾರ ಅಚ್ಚಾದ ಪ್ರತಿಯೊಂದು ಕಾಗದದ ಮ್ಯಾಲ ಮುದ್ರಕರ ಹೆಸರು, ಮುದ್ರಣ ಆದ ಜಾಗ, ಪತ್ರಿಕೆ ಇದ್ರ ಸಂಪಾದಕರ ಹೆಸರು ಇರಲೇಬೇಕು. ಅವರು ಈ ಕಾಯದೆ ಮಾಡಿದ್ದು ನಮ್ಮ ಒಳ್ಳೇದಕ್ಕಲ್ಲ. ತಮ್ಮ ವಿರುದ್ಧ ಬರದವರನ್ನ ಜಲ್ದಿ ಹಿಡೀಲಿಕ್ಕಿ. ಆದ್ರ ಸರಕಾರ ಹಿಡೀಲಿಕ್ಕಿ ಮಾಡಿದ ಸಾಲು ಓದೋರಿಗೂ ಉಪಯೋಗಕ್ಕ ಬಂತು. ಯಾರ ಮ್ಯಾಲ ಬರದಾರೋ ಅವರು ಆ ವಿಳಾಸಕ್ಕ ಪತ್ರ ಹಾಕಬಹುದು, ನೋಟೀಸ್ ಕಳಿಸಬಹುದು, ಕೋರ್ಟಿಗಿ ಎಳೀಬಹುದು. 2023ರಾಗ ಸಂಸತ್ತು ಈ ಹಳೇ ಕಾಯದೆ ತೆಗೆದು ಹೊಸದು ಮಾಡ್ಯದ, 2024ರ ಮಾರ್ಚ್‌ನಿಂದ ಅದು ಜಾರಿಗಿ ಬಂದದ. ನೂರೈವತ್ತು ವರ್ಷದ ಮ್ಯಾಲ ನಡೆದು ಬಂದಿದ್ದು ಆ ಸಾಲು.

ಹೆಸರು ಹಾಕಿ ಬರೆಯೋದಕ್ಕ ಏನು ಬೆಲಿ ಅದ ಅನ್ನೋದು ನಮ್ಮ ಭಾಗದವರಿಗಿ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮುತ್ಯಾಗ ಉರ್ದು ಬರ್ತಿತ್ತು, ಕನ್ನಡ ಓದ್ಲಿಕ್ಕಿ ತಡವರಿಸ್ತಿದ್ದ. ಅಂವ ಪದೇ ಪದೇ ಹೇಳ್ತಿದ್ದ ಹೆಸರು ಶೋಯಬುಲ್ಲಾ ಖಾನ್. ಹೈದರಾಬಾದಿನಾಗ 'ಇಮ್ರೋಜ್' ಅನ್ನೋ ಉರ್ದು ಪತ್ರಿಕಿ ಸಂಪಾದಕರು. ಹೈದರಾಬಾದ್ ಸಂಸ್ಥಾನ ಭಾರತದೊಳಗ ಸೇರಬೇಕು, ರಜಾಕಾರರ ದಬ್ಬಾಳಿಕಿ ನಿಲ್ಲಬೇಕು ಅಂತ ತಮ್ಮ ಹೆಸರಿಲೆ ಬರದ್ರು. 1948ರ ಆಗಸ್ಟ್‌ನಾಗ ರಾತ್ರಿ ಮನಿಗಿ ಹೋಗೋ ಹಾದಿಯಾಗ ಅವರನ್ನ ಕೊಂದ್ರು. ಮುಂದಿನ ತಿಂಗಳ 17ಕ್ಕ ನಿಜಾಮ ಶರಣಾದ. "ಒಂದು ತಿಂಗಳ ಜೀಂವ ಹಿಡಿದಿದ್ರ ಸ್ವಾತಂತ್ರ್ಯ ನೋಡ್ತಿದ್ದ" ಅಂತ ಮುತ್ಯಾ ಕಣ್ಣೀರು ತೆಗೀತಿದ್ದ. ಆಯಿ 'ಯಾರು ಬರದಾರ' ಅಂತ ಕೇಳೋದರ ಹಿಂದ ಈ ಕತಿನೂ ಇದ್ದಿರಬೇಕು ಅಂತ ನನಗ ಈಗ ಅನಿಸ್ತದ.

ಲಂಕೇಶ್ ಅವರು ಬೆಂಗಳೂರು ವಿಶ್ವವಿದ್ಯಾಲಯದಾಗ ಇಂಗ್ಲಿಷ್ ಕಲಿಸೋ ನೌಕರಿ ಬಿಟ್ಟು 1980ರಾಗ ಪತ್ರಿಕೆ ಸುರು ಮಾಡಿದ್ರು. 2000ದ ಜನವರಿ 25ಕ್ಕ ಅವರು ತೀರಿಕೊಳ್ಳೋ ತನಕ, ಸುಮಾರು ಇಪ್ಪತ್ತು ವರ್ಷ, ಜಾಹೀರಾತು ಇಲ್ಲದೇ ಅದು ನಡೀತು. ಅಂದ್ರ ನಮ್ಮ ಅಪ್ಪನಂಥ ಮಾಸ್ತರಗೋಳು ಕಿಶೆದಾಗಿಂದ ತೆಗೆದು ಕೊಟ್ಟ ಚಿಲ್ಲರ ರೊಕ್ಕದ ಮ್ಯಾಲ ನಡೀತು. ಹೆಸರು ನೋಡ್ರಿ, ಸಂಪಾದಕನ ಹೆಸರೇ ಪತ್ರಿಕಿ ಹೆಸರು. ತನ್ನ ಹೆಸರನ್ನೇ ಮುಖಪುಟದ ನೆತ್ತಿ ಮ್ಯಾಲ ದೊಡ್ಡದಾಗಿ ಬರಕೊಂಡಂವ ನಾಳೆ 'ಅದು ನಾನು ಬರದಿದ್ದಲ್ಲ' ಅಂತ ಹೇಳ್ಲಿಕ್ಕಿ ಬರಂಗಿಲ್ಲ. ಆಯಿಗಿ ಆ ಪತ್ರಿಕಿ ಮ್ಯಾಲ ಒಂದು ತೂಕ ಜಾಸ್ತಿ ನಂಬಿಗಿ ಇದ್ದದ್ದು ಇದಕ್ಕೇ. "ಇದು ಲಂಕೇಶಪ್ಪಂದು" ಅಂತಿದ್ಳು, ನಮ್ಮ ಬೀಗರಂವ ಅನ್ನೋ ಹಂಗ.

ಅವ್ವಗ ಅದರ ಒಳಗಿನ ಪುಟಗಳು ಬೇಕಾಗಿದ್ದವು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಅದರಾಗೇ ಧಾರಾವಾಹಿಯಾಗಿ ಬಂದಿದ್ದು. ತಲಾಖಿಗಿ ಸಿಕ್ಕು ಒದ್ದಾಡೋ ನಾದಿರಾನ ಕತಿ. ಅವ್ವ ಒಲಿ ಮುಂದ ಕುಂತು ಓದ್ಕೊಂಡು, ಮಧ್ಯಾಹ್ನ ಬಾಜೂ ಮನಿ ಖಾಲಾಗ ಹೇಳ್ತಿದ್ಳು. ಖಾಲಾಗ ಕನ್ನಡ ಓದ್ಲಿಕ್ಕಿ ಬರ್ತಿದ್ದಿಲ್ಲ. ಮುಂದಿನ ವಾರದ ಪತ್ರಿಕಿ ಬಂತೇನು ಅಂತ ಅಪ್ಪಗಿಂತ ಮೊದಲ ಅಕಿನೇ ಬಂದು ಕೇಳ್ತಿದ್ಳು. ಹೊರಗ ರಾಜಕಾರಣಿ ಮುಖ, ಒಳಗ ಒಬ್ಬ ಹೆಣ್ಣುಮಗಳ ಸಂಕಟ. ಗಂಡಸರು ಮುಖಪುಟ ನೋಡಿ ತರ್ತಿದ್ರು, ಹೆಂಗಸರು ಒಳಗ ಹೋಗ್ತಿದ್ರು. ಹಾಸನದ ಬಾನು ಮುಷ್ತಾಕ್ ಅವರು 1980ರ ದಶಕದಾಗ ಇದೇ ಪತ್ರಿಕೆಗಿ ವರದಿ ಮಾಡ್ತಿದ್ರು. 2025ರಾಗ ಅವರ ಕತಿಗಳ ಅನುವಾದ 'ಹಾರ್ಟ್ ಲ್ಯಾಂಪ್'ಗಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅವ್ವ ಟೀವಿ ಮುಂದ ಕುಂತು, "ಇವರು ನಮ್ಮ ಪತ್ರಿಕ್ಯಾಗ ಬರೀತಿದ್ರಲ್ಲ" ಅಂದ್ಳು. ನಮ್ಮ ಪತ್ರಿಕಿ. ಆ ಮಾತು ಕೇಳಿ ನನ್ನ ಹೊಟ್ಟಿ ತಣ್ಣಗಾಯ್ತು.

ಹಂಗಂತ ಮುಖಪುಟಗಳನ್ನ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡ್ರಿ ಅಂತ ನಾನು ಹೇಳ್ಲಾಕತ್ತಿಲ್ಲ. ಆ ಏಳು ಕಟ್ಟು ತಿರುವಿ ಹಾಕಿದಾಗ ನನಗ ಬ್ಯಾಸರಾನೂ ಆಯ್ತು. ನಮ್ಮ ಅಪ್ಪ ಉಳಿಸಿಟ್ಟ ಅಷ್ಟು ಸಂಚಿಕ್ಯಾಗ ನಮ್ಮ ಭಾಗ ಮುಖಪುಟದ ಮ್ಯಾಲ ಬಂದಿದ್ದು ಬೆರಳಿನಾಗ ಎಣಿಸೋ ಅಷ್ಟು. ಬಂದ್ರೂ ಬರಗಾಲ, ಗುಳೆ ಇಂಥದ್ದೇ. ಇಲ್ಲಿ ಮಂದಿ ತೊಗರಿ ಬೆಳೀತಾರ, ಗಾಣಗಾಪುರಕ್ಕ ನಡ್ಕೊಂಡು ಹೋಗ್ತಾರ, ಲಾಡ್ಲೇ ಮಶಾಯಕ್ ದರ್ಗಾಕ್ಕ ಸಕ್ಕರಿ ಓದಸ್ತಾರ, ಮದುವಿ ಮಾಡ್ತಾರ, ನಗ್ತಾರ ಅನ್ನೋದು ಬೆಂಗಳೂರಿನ ಕಣ್ಣಿಗಿ ಬೀಳಲೇ ಇಲ್ಲ. ಸಣ್ಣಾಕಿ ಇದ್ದಾಗ ನಾನು ನಮ್ಮ ಊರು ಅಂದ್ರ ಒಡೆದ ಹೊಲ, ಖಾಲಿ ಕೊಡ ಅಷ್ಟೇ ಅಂತ ತಿಳಕೊಂಡಿದ್ದೆ, ಕಣ್ಣು ಮುಂದ ತುಂಬಿ ಹರಿಯೋ ಭೀಮಾ ಇಟ್ಕೊಂಡು. ಮುಖಪುಟಕ್ಕ ಆ ಶಕ್ತಿ ಬಿ ಇತ್ತು. ಬಂದದ್ದೂ ತೋರಿಸ್ತದ, ತೋರಿಸದೇ ಬಿಟ್ಟಿದ್ದೂ ಮನಸಿನಾಗ ಕುಂದರ್ತದ.

ಇನ್ನೊಂದು ತಪ್ಪೂ ಒಪ್ಪಿಕೊಳ್ಳಬೇಕು. ಲಂಕೇಶ್ ಪತ್ರಿಕೆ ದಾರಿ ಹಿಡಿದು ಆಮ್ಯಾಲ ಭಾಳ ಟ್ಯಾಬ್ಲಾಯ್ಡ್ ಬಂದವು. 1995ರಾಗ ರವಿ ಬೆಳಗೆರೆ ಅವರ 'ಹಾಯ್ ಬೆಂಗಳೂರ್!' ಬಂತು. ಕಪ್ಪು ಬಿಳುಪು ಮುಖಪುಟ, ಅಂಗಡಿ ಹಗ್ಗದ ಮ್ಯಾಲ ದೂರದಿಂದಲೇ ಗುರುತು ಸಿಗ್ತಿತ್ತು. ನಮ್ಮ ಅಣ್ಣ ಅದನ್ನ ಪಠ್ಯಪುಸ್ತಕದೊಳಗ ಇಟ್ಕೊಂಡು ಓದ್ತಿದ್ದ. ಇಂಥ ವಾರಪತ್ರಿಕೆಗಳು ಹೆಚ್ಚಾದಂಗ ಕೊಲಿ, ಕಳ್ಳ ಸಂಬಂಧ, ಯಾರದೋ ಮನಿ ಮರ್ಯಾದಿ ಎಲ್ಲ ಮುಖಪುಟಕ್ಕ ಬಂದವು. ಸಣ್ಣ ಊರುಗಳಾಗ 'ನಿನ್ನ ಮ್ಯಾಲ ಬರೀತೀನಿ' ಅಂತ ಅಂಜಿಸಿ ರೊಕ್ಕ ಎತ್ತೋರು ಹುಟ್ಟಿಕೊಂಡ್ರು. ಅವ್ವ ಇಂಥ ಒಂದೆರಡು ಪತ್ರಿಕಿ ಮನ್ಯಾಗ ತರೋದೇ ಬ್ಯಾಡ ಅಂತ ಅಪ್ಪಗ ಕಡಕ್ ಹೇಳಿದ್ಳು. ಆದ್ರ ಅಂಥದ್ದಕ್ಕೂ ಒಂದು ವಿಳಾಸ ಇತ್ತು. ಬೈಬೇಕಂದ್ರ ಎಲ್ಲಿಗಿ ಹೋಗಿ ಬೈಬೇಕು ಅನ್ನೋದು ಗೊತ್ತಿತ್ತು.

ಈಗ ನಾನು ಇರೋದು ಅಫಜಲಪುರ. ನೌಕರಿ ಸಲುವಾಗಿ ಜೇವರ್ಗಿಗಿ ಬಸ್ಸಿನ್ಯಾಗ ಹೋಗಿ ಬರ್ತೀನಿ. 2004ರಾಗ ಜೇವರ್ಗಿಯಿಂದ ಗೆದ್ದಿದ್ದ ಧರ್ಮಸಿಂಗ್ ಅವರು ಮುಖ್ಯಮಂತ್ರಿ ಆದಾಗ, ತಮ್ಮ ಊರ ಮನುಷ್ಯಾನ ಮುಖ ಇರೋ ಪತ್ರಿಕಿ ತಗೊಳ್ಲಿಕ್ಕಿ ಮಂದಿ ಮುಗಿಬಿದ್ದಿದ್ರು ಅಂತ ನನ್ನ ಜೋಡಿ ಕೆಲಸ ಮಾಡೋ ಹಿರಿಯರು ಇವತ್ತಿಗೂ ಹೇಳ್ತಾರ. ಅವರ ಮನಿ ಗೋಡಿ ಮ್ಯಾಲ ಅದರದೊಂದು ಹಾಳಿ ಕಟ್ಟು ಹಾಕಿಸಿ ಇಟ್ಟಾರ. ಇವತ್ತು ಬಸ್‌ಸ್ಟ್ಯಾಂಡಿನಾಗ ಇಳಿದ್ರ ನೇತು ಹಾಕಿದ ವಾರಪತ್ರಿಕಿ ಕಾಣಂಗಿಲ್ಲ. ಆ ಜಾಗದಾಗ ಫ್ಲೆಕ್ಸ್ ಬ್ಯಾನರ್ ಅವ. ಹುಟ್ಟುಹಬ್ಬಕ್ಕ ಒಬ್ಬ, ಪದವಿ ಸಿಕ್ಕಿದ್ದಕ್ಕ ಒಬ್ಬ, ಸುಮ್ಮಕೇ ಒಬ್ಬ. ದೊಡ್ಡ ಮುಖ, ತೆಳಗ ಸಣ್ಣ ಸಣ್ಣ ಇಪ್ಪತ್ತು ಮುಖ. ಮೊದಲು ಮುಖಪುಟದ ಮ್ಯಾಲ ನಿಮ್ಮನ್ನ ಯಾರರ ಇನ್ನೊಬ್ಬರು ತರಬೇಕಾಗಿತ್ತು. ಹೊಗಳ್ಲಿಕ್ಕಿ ತರ್ತಾರೋ ತೆಗಳ್ಲಿಕ್ಕಿ ತರ್ತಾರೋ ಅನ್ನೋದು ನಿಮ್ಮ ಕೈಯಾಗ ಇದ್ದಿಲ್ಲ. ಈಗ ಯಾರ ಮುಖಪುಟ ಅವರೇ ಅಚ್ಚು ಹಾಕಿಸ್ಕೊಂತಾರ.

ಫ್ಲೆಕ್ಸಿಗಿ ನಾನು ಅಂಜಂಗಿಲ್ಲ, ಗಾಳಿಗಿ ಹರಿದು ಹೋಗ್ತದ. ನಾನು ಅಂಜೋದು ಅವ್ವನ ಕೈಯಾಗಿನ ಫೋನಿಗಿ.

2018ರ ಮಳಿಗಾಲ. ಮಕ್ಕಳ ಕಳ್ಳರು ಬಂದಾರ ಅಂತ ಫೋಟೊ, ವಿಡಿಯೊ ಎಲ್ಲರ ಫೋನಿಗೂ ಬರ್ಲಾಕತ್ತಿದ್ದವು. ಮುಖಪುಟದಂಗೇ ಇರ್ತಿದ್ದವು ಅವು. ಮ್ಯಾಲ ಕೆಂಪು ದಪ್ಪ ಅಕ್ಷರ, ನಡುಕ ಒಂದು ಮುಖ, ತೆಳಗ 'ಎಲ್ಲರಿಗೂ ಕಳಿಸಿ'. ಅವ್ವ ದಿನಾ ನೋಡ್ತಿದ್ಳು, ನನಗೂ ಕಳಿಸ್ತಿದ್ಳು. ನಮ್ಮ ಓಣಿಗಿ ವರ್ಷಾ ಸೊಲ್ಲಾಪುರದಿಂದ ಒಬ್ಬ ಮುದುಕ ಚಾದರ ಮಾರ್ಲಿಕ್ಕಿ ಬರ್ತಿದ್ದ. ನಮ್ಮ ಕಟ್ಟಿ ಮ್ಯಾಲ ಗಂಟು ಇಳಿಸಿ, ನೀರು ಕುಡಿದು, ಅವ್ವನ ಜೋಡಿ ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡಿ ಹೋಗಂವ. ಆ ವರ್ಷ ಅವಗ ಮೈಯಾಗ ಆರಾಮ ಇದ್ದಿಲ್ಲಂತ, ಮಗನ್ನ ಕಳಿಸಿದ್ದ. ಹೊಸ ಹುಡುಗ, ಗುರುತಿಲ್ಲ. ಕಟ್ಟಿ ಮ್ಯಾಲ ಕುಂತ ಹುಡುಗರನ್ನ ನಿಮ್ಮ ಮನಿ ಯಾವುದು ಅಂತ ಕೇಳ್ಯಾನ. ಅದನ್ನ ಕಂಡು ಮೊದಲು ಚೀರಿದಾಕಿ ಬ್ಯಾರೆ ಯಾರೂ ಅಲ್ಲ, ನಮ್ಮ ಅವ್ವ. "ಹುಡುಗೋರನ್ನ ಒಳಗ ಕರೀರಿ!" ಅಂದಾಳ. ಹತ್ತು ನಿಮಿಷದಾಗ ಇಪ್ಪತ್ತು ಗಂಡಸರು. ಗಂಟು ಕಸಕೊಂಡು ಬಿಚ್ಚಿ, ಚಾದರೆಲ್ಲ ರಾಡಿಯಾಗ ಎಸೆದಾರ. ಯಾರೋ ಕೈ ಎತ್ತಿದಾಗ ಖಾಲಾನ ಗಂಡ ನಡುಕ ನಿಂತು, "ಇವನ ಅಪ್ಪ ನನಗ ಗೊತ್ತದಾನ" ಅಂತ ಬಿಡಿಸಿ, ತಾನೇ ಬಸ್ಸಿಗಿ ಹತ್ತಿಸಿ ಬಂದ. ಅಂವ ಮತ್ತ ಬರಲಿಲ್ಲ. ಅವನ ಅಪ್ಪನೂ ಬರಲಿಲ್ಲ.

ಅದೇ ಜುಲೈ 13ಕ್ಕ ನಮ್ಮ ಬಾಜೂಕಿನ ಬೀದರ್ ಜಿಲ್ಲಾದ ಮುರ್ಕಿಯಾಗ ಏನಾಯ್ತು ಅನ್ನೋದು ನಿಮಗ ಗೊತ್ತದ. ಹೈದರಾಬಾದಿನಿಂದ ಗೆಳೆಯನ ಊರು ನೋಡ್ಲಿಕ್ಕಿ ಬಂದ ಹುಡುಗರು, ಸಾಲಿ ಹುಡುಗರಿಗಿ ಚಾಕಲೇಟ್ ಕೊಟ್ಟಾರ. ಅಷ್ಟಕ್ಕೇ ಅವರ ಫೋಟೊ ಅವರಿಗಿಂತ ಮೊದಲ ಮುಂದಿನ ಊರು ಮುಟ್ಟಿತು. ಹಾದಿ ಕಟ್ಟಿ ಹೊಡದ್ರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಆ ಸುದ್ದಿ ಓದಿದ ದಿನ ಅವ್ವ ಊಟ ಮಾಡಲಿಲ್ಲ. "ನಮ್ಮ ಓಣಿಯಾಗ ಆ ಮುಸಲ್ಮಾನಪ್ಪ ಇದ್ದಿದ್ದಿಲ್ಲ ಅಂದ್ರ ಆ ಹುಡುಗನ ಹೆಣ ನನ್ನ ಹೆಸರಿಗಿ ಬೀಳ್ತಿತ್ತು" ಅಂದ್ಳು. ಇವತ್ತಿಗೂ ಆ ಮುದುಕನ ಕಡಿ ತಗೊಂಡ ಹಳೇ ಚಾದರ ಹೊಚ್ಚಿಕೊಳ್ಳೋ ಮುಂದ ಒಂದು ಸಲ ನಿಟ್ಟುಸಿರು ಬಿಡ್ತಾಳ.

ಆ ವರ್ಷ ದೇಶ ತುಂಬ ತಿರುಗಿದ ವಿಡಿಯೊಗಳಾಗ ಒಂದರ ಮೂಲ ಆಮ್ಯಾಲ ಗೊತ್ತಾಯ್ತು. ಮೋಟರ್‌ಸೈಕಲ್ ಮ್ಯಾಲ ಬಂದು ಹುಡುಗನ್ನ ಎತ್ತಿಕೊಂಡು ಹೋಗೋದು ಅದರಾಗ ಇತ್ತು. ಅದು ಮಕ್ಕಳ ಸುರಕ್ಷಿತೆ ಬಗ್ಗಿ ಎಚ್ಚರಾ ಹೇಳ್ಲಿಕ್ಕಿ ಪಾಕಿಸ್ತಾನದ ಕರಾಚಿಯಾಗ ಮಾಡಿದ ಜಾಗೃತಿ ಚಿತ್ರ. ಕಡೀಕ ಹುಡುಗನ್ನ ಹೊಳ್ಳಿ ತಂದು ಬಿಟ್ಟು, ಒಂದು ಫಲಕ ಹಿಡಿದು ಸಂದೇಶ ತೋರಿಸ್ತಾರ. ಮಂದಿಗಿ ಕಳಿಸಿದವರು ಆ ಕಡೀ ಭಾಗ ಮಾತ್ರ ಕತ್ತರಿಸಿದ್ರು. ಇದನ್ನ ಓದಿದಾಗ ನನಗ ಥಟ್ಟನೆ ಆಯಿ ನೆನಪಾದ್ಳು. ಕತ್ತರಿಸಿದ್ದು ಸುದ್ದಿ ಅಲ್ಲ, ಕಡೀ ಪುಟದ ತೆಳಗಿನ ಸಣ್ಣ ಸಾಲು. ಅದೊಂದು ಹೋದ್ರ ಎಚ್ಚರಾ ಹೇಳೋ ಚಿತ್ರಾನೇ ಕೊಲಿ ಮಾಡಸ್ತದ.

ವಾಟ್ಸ್ಆ್ಯಪ್‌ನವರು ಅದೇ ಜುಲೈನಾಗ, ಕಳಿಸಿದ್ದನ್ನ ಮತ್ತ ಕಳಿಸಿದ್ರ 'ಫಾರ್ವರ್ಡೆಡ್' ಅಂತ ಕಾಣೋಂಗ ಮಾಡಿದ್ರು, ಭಾರತದಾಗ ಒಮ್ಮಿಗಿ ಐದು ಕಡಿಗಿಂತ ಹೆಚ್ಚು ಕಳಿಸ್ಲಿಕ್ಕಿ ಬರದಂಗ ಮಾಡಿದ್ರು. ಒಳ್ಳೇದೇ ಆಯ್ತು. ಆದ್ರ ಅದು 'ಯಾರೋ ಕಳಿಸ್ಯಾರ' ಅಂತ ಹೇಳ್ತದ ಹೊರತು ಯಾರು ಮಾಡ್ಯಾರ ಅಂತ ಹೇಳಂಗಿಲ್ಲ.

ಈ ಮಾತು ನಮ್ಮ ಮನ್ಯಾಗ ತೆಗೆದ್ರ ಮಗ ವಾದಕ್ಕ ಬರ್ತಾನ. "ಹೆಸರು ಹಾಕಿದ ಕೂಡ್ಲೇ ಖರೇ ಆಗ್ತದೇನವ್ವ? ಪತ್ರಿಕೆಯವರು ಸುಳ್ಳು ಬರದಿಲ್ಲೇನು? ಮುಖಪುಟಾನೇ ಖೊಟ್ಟಿ ಮಾಡ್ತಾರ, ಗೊತ್ತದೇನು?" ಅಂತಾನ. ಅವನ ಮಾತಿನಾಗ ಸತ್ಯ ಅದ. ಅಮೆರಿಕದ 'ಟೈಮ್' 1923ರಾಗ ಸುರು ಆದ ವಾರಪತ್ರಿಕೆ. ಅದರ ಕೆಂಪು ಚೌಕಟ್ಟಿನಾಗ ಮುಖ ಬಂದ್ರ ಜಗತ್ತು ತಿರುಗಿ ನೋಡ್ತಿತ್ತು. ಉಪ್ಪಿನ ಸತ್ಯಾಗ್ರಹದ ವರ್ಷ, 1930ಕ್ಕ, ನಮ್ಮ ಗಾಂಧೀಜಿನ್ನ ಅದು ವರ್ಷದ ವ್ಯಕ್ತಿ ಅಂತ ಆರಿಸಿತ್ತು. ಅಂಥ ಪತ್ರಿಕೆ ಮುಖಪುಟಾನೂ ಖೊಟ್ಟಿ ಆಗ್ಯದ. 2017ರಾಗ ವಾಷಿಂಗ್ಟನ್ ಪೋಸ್ಟ್ ಹೊರಗ ಹಾಕಿದ ಸುದ್ದಿ ಅದು. ಆ ದೇಶದ ಅಧ್ಯಕ್ಷ ಟ್ರಂಪ್ ಅವರ ಗಾಲ್ಫ್ ಕ್ಲಬ್ಬುಗಳಾಗ ಅವರ ಮುಖ ಇರೋ 'ಟೈಮ್' ಮುಖಪುಟ ಕಟ್ಟು ಹಾಕಿಸಿ ತೂಗು ಹಾಕಿದ್ರು. ಅಂಥ ಸಂಚಿಕಿ ಬಂದೇ ಇದ್ದಿಲ್ಲ.

ಆದ್ರ ಅದು ಖೊಟ್ಟಿ ಅಂತ ಹೆಂಗ ಗೊತ್ತಾಯ್ತು? ಕೇಳ್ಲಿಕ್ಕಿ ಒಂದು ವಿಳಾಸ ಇತ್ತು. 'ಇದು ನಿಮ್ಮದೇನು' ಅಂತ ಪತ್ರಿಕೆಯವರನ್ನೇ ಕೇಳಿದ್ರು, ಅವರು ಅಲ್ಲ ಅಂದ್ರು. ಅಲ್ಲಿಗಿ ಮುಗೀತು. ಇದನ್ನೇ ನಾನು ಮಗಗ ಹೇಳೋದು. ಹೆಸರು ಇದ್ದ ಕೂಡ್ಲೇ ಮಾತು ಖರೇ ಆಗಂಗಿಲ್ಲಪ್ಪ. ಆದ್ರ ಸುಳ್ಳಾದ್ರ ಹಿಡೀಲಿಕ್ಕಿ ಬರ್ತದ. ಚಾದರದ ಹುಡುಗನ ಗಂಟು ರಾಡಿಗಿ ಬಿದ್ದಿದ್ದಕ್ಕ ನಾವು ಯಾರನ್ನ ಹಿಡೀಬೇಕಾಗಿತ್ತು? ನಿಮ್ಮ ಆಯಿನ್ನೇ ಹಿಡೀಬೇಕು, ಬ್ಯಾರೆ ಯಾರೂ ಇಲ್ಲ.

ವಿಳಾಸ ಇಟ್ಕೊಂಡು ಬರೆಯೋದು ಸೋವಿ ಅಲ್ಲ ಅನ್ನೋದೂ ನೆನಪಿರಲಿ. ಲಂಕೇಶರ ಮಗಳು ಗೌರಿ ಲಂಕೇಶ್ ತಮ್ಮ ಹೆಸರಿಲೆ ಪತ್ರಿಕೆ ನಡೆಸಿದ್ರು. 2008ರಾಗ ಬಂದ ಒಂದು ವರದಿ ಸಲುವಾಗಿ 2016ರ ನವೆಂಬರ್‌ನಾಗ ಹುಬ್ಬಳ್ಳಿ ನ್ಯಾಯಾಲಯ ಮಾನನಷ್ಟದ ಮೊಕದ್ದಮಿಯಾಗ ಅವರಿಗಿ ಆರು ತಿಂಗಳ ಶಿಕ್ಷಾ ವಿಧಿಸಿತು, ಜಾಮೀನು ಸಿಕ್ಕಿತು. ಆ ತೀರ್ಪು ಸರಿನೋ ತಪ್ಪೋ ಅನ್ನೋ ವಾದ ಬ್ಯಾರೆ. ಎಂಟು ವರ್ಷ ಆದ ಮ್ಯಾಲೂ ಆಕಿ ಕೋರ್ಟಿನಾಗ ಹಾಜರಾಗಿ, ಹೌದು ನಾನೇ ಸಂಪಾದಕಿ ಅಂತ ನಿಂತ್ರು ನೋಡ್ರಿ, ನಾನು ಹೇಳೋದು ಅದನ್ನ. 2017ರ ಸೆಪ್ಟೆಂಬರ್ 5ಕ್ಕ ಬೆಂಗಳೂರಿನಾಗ ಅವರ ಮನಿ ಬಾಗಿಲ ಮುಂದೇ ಅವರನ್ನ ಗುಂಡು ಹೊಡೆದು ಕೊಂದ್ರು. ಹೊಡೆದವರು ಮುಖ ಮುಚ್ಕೊಂಡು ಬಂದಿದ್ರು. ಮುತ್ಯಾ ಬದುಕಿದ್ರ ಮತ್ತ ಶೋಯಬುಲ್ಲಾ ಖಾನರ ಹೆಸರು ತೆಗೀತಿದ್ದ.

ಆದ್ದರಿಂದ ನನ್ನ ಮಾತು ಇಷ್ಟೇ. ಹಳೇ ಮುಖಪುಟದ ಕಾಲ ಹೊಳ್ಳಿ ಬರಂಗಿಲ್ಲ. ಬಂದ್ರೂ ಅದರಾಗ ನಮ್ಮ ಭಾಗದ ಬಾಳೇವು ಪೂರಾ ಕಾಣ್ತದ ಅನ್ನೋ ಭರವಸಾ ನನಗಿಲ್ಲ. ಆದ್ರ ಆಯಿ ಪ್ರಶ್ನಿಗಿ ಕಾಗದ ಬೇಕಾಗಿಲ್ಲ, ಅಕ್ಷರಾನೂ ಬೇಕಾಗಿಲ್ಲ. ಮನ್ಯಾಗ ಅಡಗಿ ಮಾಡೋ ನಾವೇ ಅದನ್ನ ಮತ್ತ ಸುರು ಮಾಡಬಹುದು. ಕಿರಾಣಿ ಅಂಗಡ್ಯಾಗ ಬ್ಯಾಳಿ ತಗೊಳ್ಳೋ ಮುಂದ ಎಲ್ಲಿಂದು, ಯಾವಾಗಿಂದು ಅಂತ ಕೇಳಿ ತಗೊಳ್ತೀವಿ. ಹುಳಾ ಇದ್ರ ಹೊಳ್ಳಿ ಒಯ್ದು ಮುಂದ ಸುರೂತೀವಿ. ಫೋನಿನಾಗ ಬಂದಿದ್ದನ್ನ ಮಾತ್ರ ಹಸನ ಮಾಡದೇ ಮನಿ ಮಂದಿಗೆಲ್ಲ ಬಡಸ್ತೀವಿ. ಇನ್ನ ಕೂಡಿದ್ರ ಮನಿಗಿ ಒಂದರ ವಾರಪತ್ರಿಕಿ ರೊಕ್ಕ ಕೊಟ್ಟು ತರಿಸ್ರಿ, ನಿಮಗ ಸೇರದ್ದಾದ್ರೂ ಅಡ್ಡಿ ಇಲ್ಲ. ಮಕ್ಕಳಿಗಿ ಆ ಕಡೀ ಪುಟದ ಸಣ್ಣ ಸಾಲು ತೋರಿಸ್ರಿ.

ರದ್ದಿಯಂವ ಮೂರನೇ ಸಲ ಬಂದಾಗ ಐದು ಕಟ್ಟು ಕೊಟ್ಟೆ. ಎರಡು ಉಳಿಸಿಕೊಂಡು ಅಫಜಲಪುರಕ್ಕ ತಂದೀನಿ. ಅವ್ವ ಈಗ ನಮ್ಮ ಬಳಗದ ಗುಂಪಿನಾಗ ಯಾರು ಏನು ಕಳಿಸಿದ್ರೂ ತಿರುಗಿ ಧ್ವನಿ ಸಂದೇಶ ಹಾಕ್ತಾಳ: "ಇದು ಯಾರು ಮಾಡ್ಯಾರ? ಯಾವ ಊರಿಂದು?" ಮೊದಲ ವಾರ ಎಲ್ಲಾರೂ ನಕ್ರು. ಎರಡನೇ ವಾರ ನಮ್ಮ ಸಣ್ಣ ಕಾಕಾ ಸಿಟ್ಟಾಗಿ ಗುಂಪು ಬಿಟ್ಟು ಹೋದ. ಹೋಗೋ ಮುಂದ, "ಮುದುಕಿಗಿ ಎಲ್ಲಾ ಬೇಕು" ಅಂತ ಬರದಿದ್ದ. ಅವ್ವ ಅದಕ್ಕೂ ಬಿಡಲಿಲ್ಲ. "ನೋಡು, ಇದನ್ನ ಮಾತ್ರ ತಾನೇ ಬರದಾನ, ಹೆ ಸರು ಬಿ ಅದ" ಅಂತ ನಕ್ಕಳು. ಹಬ್ಬಕ್ಕ ಕರೀಲಿಕ್ಕಿ ನಾಳೆ ಅವರ ಮನಿಗಿ ಹೋಗೋದದ.